ಒಂಟಿಜಾಡಿನಲ್ಲಿ ಮಲಗಿದ ಶೂರ

ಕಾಗೆಗಳು ಇನ್ನೂ ಬೆಳ್ಳಗಿದ್ದ ಕಾಲವಂತೆ. ಏಳು ಬೆಟ್ಟ ದಾಟಿದರೆ ಒಂದೂರು, ಆ ಊರಿಗೊಬ್ಬ ದೊರೆ. ಉಂಡು ಉಂಡು ಮೈ ಬೆಳೆದಿತ್ತು, ಮಾಡೋಕೆ ಕೆಲಸ ಇರಲಿಲ್ಲ.

ಊರ ಪಕ್ಕದ ಬೆಟ್ಟದಲ್ಲಿ ಒಂಟಿಜಾಡು ಅಂತ ಒಂದು ದಾರಿ ಇತ್ತಂತೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಎದುರಿಗೆ ಯಾರಾದರೂ ಬಂದರೆ ಸರಿಯೋಕೆ ಜಾಗವಿಲ್ಲ. ಬೆಟ್ಟದಾಚೆ ಹಟ್ಟಿಯ ಜನ ಉಪ್ಪಿಗೆ, ಮದ್ದಿಗೆ, ಹೆರಿಗೆಗೆ ಅದರಲ್ಲೇ ಓಡಾಡಬೇಕು. ಅವರದೊಂದು ಕಟ್ಟಲೆ. ಜಾಡಿಗೆ ಕಾಲಿಡೋ ಮುಂಚೆ ಮೂರು ಸಲ 'ಕೂ' ಅಂತ ಕೂಗಬೇಕು. ಒಳಗೆ ಯಾರಾದರೂ ಇದ್ದರೆ ಮರುಕೂಗು ಕೊಡಬೇಕು. ತಪ್ಪಿ ಎದುರಾದರೆ ಬರಿಗೈಯವರು ಹಿಂದೆ ಹೋಗಬೇಕು, ಹೊರೆ ಹೊತ್ತವರಿಗೆ ದಾರಿ.

ದೊರೆಗೆ ಹೊತ್ತು ಹೋಗದೆ ಒಂದು ದಿನ ಡಂಗುರ ಹೊಡೆಸಿದನಂತೆ. "ಯಾವ ಕೆಲಸವೂ ಇಲ್ಲದೆ, ಬರೀ ಧೈರ್ಯಕ್ಕೆ ಒಂಟಿಜಾಡು ದಾಟಿ ಬಂದವನಿಗೆ ಗಿರಿಗಂಡ ಅಂತ ಬಿರುದು." ಕೇಳಿದಿರಾ ಚೆಂದ? ತಲೆ ಮೇಲೆ ಹೊರೆ ಹೊತ್ತು ದಿನಾ ದಾಟೋಳಿಗೆ ಏನೂ ಇಲ್ಲ. ಸುಮ್ಮನೆ ಹೋಗಿ ಸುಮ್ಮನೆ ಬರೋನಿಗೆ ಬಿರುದು.

ಬಂದರಂತೆ ನೋಡಿ, ಅಟ್ಟದ ಏಣಿ ಹತ್ತೋಕೂ ಆಳು ಕರೆಯೋ ಮಂದಿ. ಒಬ್ಬ ಹೋದ, ಬರಲಿಲ್ಲ. ಇನ್ನೊಬ್ಬ ಹೋದ, ಅವನೂ ಬರಲಿಲ್ಲ. ಅವರ ತಾಯಂದಿರು ಎದೆ ಬಡಕೊಂಡರು, ಊರವರು ಡೋಲು ಬಡಿದರು. ಮೂರನೆಯವನು ದೊರೆಯ ಬಾಮೈದ ಸಂಪಂಗಿರಾಜ. ಜರತಾರಿ ಅಂಗಿ, ಮೈತುಂಬ ಗಂಧ, ಕೈಯಲ್ಲಿ ಏನಂದರೆ ಏನೂ ಇಲ್ಲ. ಡೋಲಿನವರನ್ನು ಜಾಡಿನ ಬಾಯಲ್ಲಿ ನಿಲ್ಲಿಸಿ ಹೊರಟೇಬಿಟ್ಟ. ಕೂಗಿದನಾ? ಕೂಗೋದು ಹೇಡಿಗಳ ಕೆಲಸ ಅಂದನಂತೆ.

ಅವತ್ತೇ ಈಚೆ ಊರಲ್ಲಿ ಒಬ್ಬಳು ಬಸುರಿಗೆ ನೋವು ಬಂದಿತ್ತು. ಮಗು ಅಡ್ಡ ನಿಂತಿತ್ತು. ಆಚೆಯವರಿಗೆ ಗೊತ್ತಾಗಲಿ ಅಂತ ಹಸಿಸೊಪ್ಪು ಸುಟ್ಟು ಹೊಗೆ ಎಬ್ಬಿಸಿದರು. ಆಚೆ ಹಟ್ಟಿಯ ಸೂಲಗಿತ್ತಿ ಬೊಮ್ಮವ್ವ ಹೊಗೆ ಕಂಡು ಎದೆ ಹಿಡಕೊಂಡಳಂತೆ. ಆ ಬಸುರಿ ಅವಳ ಒಬ್ಬಳೇ ಮಗಳು, ನಂಜಿ.

ಎಣ್ಣೆ, ಹಳೇ ಬಟ್ಟೆ, ಕುಡುಗೋಲು ಗಂಟು ಕಟ್ಟಿ ತಲೆ ಮೇಲಿಟ್ಟು ಓಡಿ ಬಂದಳು. ಅಷ್ಟು ಅವಸರದಲ್ಲೂ ಮೂರು ಸಲ 'ಕೂ' ಅಂದಳು. ಸಂಪಂಗಿರಾಜನಿಗೆ ಕೇಳಿಸಿತಂತೆ. ತನಗೆ ಯಾರೋ ಜೈಕಾರ ಹಾಕ್ತಾ ಇದ್ದಾರೆ ಅಂತ ಮೀಸೆ ತಿರುವಿದನೇ ಹೊರತು ಮರುಕೂಗು ಕೊಡಲಿಲ್ಲ. ಜಾಡು ಖಾಲಿ ಅಂತ ಅವಳು ಕಾಲಿಟ್ಟಳು.

ನಟ್ಟ ನಡುವೆ ನೋಡಿದರೆ ಈ ಶೂರ ಬಂಡೆಗೆ ಹಲ್ಲಿ ಹಾಗೆ ಅಂಟಿಕೊಂಡಿದ್ದಾನೆ. ಒಂದೇ ಒಂದು ಸಲ ಕೆಳಗೆ ನೋಡಿದ್ದನಂತೆ, ಪಾಪ.

"ನನ್ನಪ್ಪಾ, ನಾನು ಹೊರೆ ಹೊತ್ತೋಳು. ಹಿಂದಕ್ಕೆ ಹೋಗು" ಅಂದಳು.

"ಹಿಂದಕ್ಕೆ ಹೋದರೆ ಬಿರುದು ಹೋಗುತ್ತೆ."

"ಹಂಗಾದ್ರೆ ಮುಂದಕ್ಕೆ ಬಾ. ನಾನೇ ಹಿಂದೆ ಸರೀತೀನಿ."

"ಮುಂದಕ್ಕೆ ಬಂದರೆ ಪ್ರಾಣ ಹೋಗುತ್ತೆ."

ಬೊಮ್ಮವ್ವನ ಪಿತ್ತ ನೆತ್ತಿಗೇರಿತು. "ಅಲ್ಲಿ ನನ್ನ ಮಗಳ ಹೊಟ್ಟೇಲಿ ಕೂಸು ಅಡ್ಡ ನಿಂತದೆ, ಇಲ್ಲಿ ನೀನು ಅಡ್ಡ ನಿಂತಿದ್ದೀಯ. ಕೂಸಿಗಾದ್ರೆ ಇನ್ನೂ ಬುದ್ಧಿ ಬಂದಿಲ್ಲ. ಮಲಕ್ಕೋ, ಕವುಚಿ ಮಲಕ್ಕೋ" ಅಂದಳು.

ಮಲಗಿದನಂತೆ. ಬೊಮ್ಮವ್ವ ಹೆಗಲ ಮೇಲೊಂದು ಹೆಜ್ಜೆ, ಬೆನ್ನ ಮೇಲೊಂದು ಹೆಜ್ಜೆ, ಸೊಂಟದ ಮೇಲೊಂದು ಹೆಜ್ಜೆ ಇಟ್ಟು ದಾಟಿ ಓಡಿದಳು.

ಹೋಗೋ ಹೊತ್ತಿಗೆ ನಂಜಿಯ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಎಣ್ಣೆ ಹಚ್ಚಿ, ಹೊಟ್ಟೆ ನೀವಿ, ಕೂಸನ್ನ ತಿರುಗಿಸಿ ತೆಗೆದಳು. ನೀಲಿಗಟ್ಟಿದ ಕೂಸು. ಬೆನ್ನಿಗೆ ಎರಡು ಪೆಟ್ಟು ಕೊಟ್ಟಮೇಲೆ ಅತ್ತಿತಂತೆ. ನಂಜಿಯೂ ಉಳಿದಳು, ಹೆಣ್ಣುಕೂಸೂ ಉಳಿಯಿತು. ಬೊಮ್ಮವ್ವ ಆವಾಗ ಅತ್ತಳು.

ಕೈ ತೊಳೆದು ಜಾಡಿಗೆ ವಾಪಸು ಬಂದರೆ ಗಿರಿಗಂಡ ಮಲಗಿದಲ್ಲೇ ಇದ್ದಾನೆ. "ಸೆರಗು ಹಿಡಕೋ, ಕಣ್ಣು ಮುಚ್ಚಿಕೋ" ಅಂದು ಕರಕೊಂಡು ಬಂದಳು. ಕೊನೇ ತಿರುವು ಬರ್ತಿದ್ದ ಹಾಗೆ ಸೆರಗು ಬಿಟ್ಟ, ಎದೆ ಉಬ್ಬಿಸಿದ, ಡೋಲಿನವರ ಮುಂದೆ ಹೋಗಿ ನಿಂತ. ದಾಟಿ ಬಂದೆ ಅಂದ. ನಾಚಿಕೆ ಅನ್ನೋದು ಎಲ್ಲರಿಗೂ ಇರಲ್ಲ ನೋಡಿ.

ಅರಮನೆಯಲ್ಲಿ ದೊರೆ ಬಿರುದು ಕೊಡೋಕೆ ಎದ್ದ. ಬೊಮ್ಮವ್ವ ಹಿಂದೆಯೇ ಬಂದಿದ್ದಳು.

"ತಾಯಿ, ನೀನು ಕಂಡೆಯಾ ಇವನು ದಾಟಿದ್ದನ್ನ?" ಅಂತ ದೊರೆ ಕೇಳಿದ.

"ಕಂಡೆ ಬುದ್ಧಿ. ಇವರು ಮಲಗಿದ್ರು, ನಾನು ದಾಟಿದೆ. ಇವರ ಬೆನ್ನು ತಿರುಗಿಸಿ ನೋಡಿ."

ಜರತಾರಿ ಅಂಗಿ ಮೇಲೆ ಕೆಮ್ಮಣ್ಣಿನ ಹೆಜ್ಜೆ. ಸಭೆಯೆಲ್ಲ ನಕ್ಕಿತು, ದೊರೆಯೂ ನಕ್ಕ. ಬೊಮ್ಮವ್ವ ನಗಲಿಲ್ಲ.

"ನಗಬ್ಯಾಡಿ ಬುದ್ಧಿ. ಇನ್ನೊಂದು ಗಳಿಗೆ ಆಗಿದ್ರೆ ನನ್ನ ಮಗಳು ಹೋಗಿದ್ಲು. ಆ ಹೆಣಕ್ಕೆ ಯಾವ ಬಿರುದು ಕೊಡ್ತಿದ್ರಿ?"

ಮಾರನೇ ದಿನ ದೊರೆ ಇನ್ನೊಂದು ಡಂಗುರ ಹೊಡೆಸಿದನಂತೆ. ಶೋಕಿಗೆ ಒಂಟಿಜಾಡು ಹತ್ತೋನು ಹಟ್ಟಿಯವರಿಗೆ ಒಂದು ಮೂಟೆ ರಾಗಿ ಹೊತ್ತುಕೊಂಡೇ ಹತ್ತಬೇಕು.

ಆ ರಾಗಿ ಮೂಟೆ ಜಾಡಿನ ಬಾಯಲ್ಲಿ ಇಟ್ಟಲ್ಲೇ ಇತ್ತಂತೆ. ಒಬ್ಬ ಗಂಡುಗಲಿಯೂ ಬರಲಿಲ್ಲ. ಕೊನೆಗೆ ಬೊಮ್ಮವ್ವನೇ ತಲೆ ಮೇಲಿಟ್ಟುಕೊಂಡು, ಮೂರು ಸಲ 'ಕೂ' ಅಂದು, ಮನೆಗೆ ಹೋದಳಂತೆ.

ಅವಳು ಅವಳ ಹಟ್ಟಿ ಸೇರಿದಳು, ನೀವು ನಿಮ್ಮ ಚಾಪೆ ಸೇರಿಕೊಳ್ಳಿ.