ಹಲ್ಲು ಎಣಿಸಿದ ಊರು

"ಗುರುಗಳೇ, ನಾಡನ್ನು ಆಳುವವನನ್ನು ಆರಿಸುವಾಗ ಅವನ ವಯಸ್ಸು ನೋಡಬೇಕೇ, ಬೇಡವೇ?"

ಕೇಳಿದವನು ಶಿಷ್ಯ ನಾಗಲಿಂಗ. ಸಂತೆಯಲ್ಲಿ ಇದೇ ಮಾತಿಗೆ ಜಗಳವಾಡಿ ಬಂದಿದ್ದ. ಅಂಗಿಯ ತೋಳು ಹರಿದಿತ್ತು. ಎಂಬತ್ತು ದಾಟಿದವನು ಬೇಡವೆಂದು ಅವನ ವಾದ. ಮೂವತ್ತು ತುಂಬದವನಿಗೆ ಏನು ತಿಳಿದೀತು ಎಂದು ಎದುರಿನವನ ವಾದ.

ಗುರುಗಳು ಹುಬ್ಬು ಗಂಟಿಕ್ಕಿದರು. "ಕೂತುಕೋ," ಎಂದು ಹೇಳತೊಡಗಿದರು.

ಒಂದು ಊರಿಗೆ ದೊಡ್ಡ ಕೆರೆಯಿತ್ತು. ಕೆರೆಯ ಏರಿಯ ಕೆಳಗೇ ಕುಂಬಾರರ ಕೇರಿ. ಅಲ್ಲಿ ಸಂಕವ್ವ ಎಂಬ ಕುಂಬಾರಗಿತ್ತಿ ಇದ್ದಳು. ಗಂಡ ತೀರಿಹೋಗಿದ್ದ. ಒಬ್ಬಳೇ ಮಗಳನ್ನು ಕಟ್ಟಿಕೊಂಡು ಮಡಕೆ ಮಾಡಿ ಬದುಕುತ್ತಿದ್ದಳು. ಮಣ್ಣಿನ ಗುಣ ಅವಳ ಬೆರಳಿಗೇ ತಿಳಿಯುತ್ತಿತ್ತು.

ಒಂದು ಮುಂಜಾನೆ ಮಣ್ಣು ತರಲು ಹೋದವಳು ಏರಿಯ ಬುಡದಲ್ಲಿ ನೀರು ಒಸರುವುದನ್ನು ಕಂಡಳು. ಏರಿ ಒಸರುವುದು ಹೊಸದಲ್ಲ. ತಿಳಿನೀರು ಬಂದರೆ ಭಯವಿಲ್ಲ. ಈ ನೀರು ಕೆಂಪಗಿತ್ತು. ಏರಿಯ ಹೊಟ್ಟೆಯೊಳಗಿನ ಮಣ್ಣೇ ಕರಗಿ ಹೊರಗೆ ಬರುತ್ತಿದೆ ಎಂದು ಅವಳಿಗೆ ತಿಳಿಯಿತು.

ಕೆರೆಯ ಯಜಮಾನಿಕೆ ಒಬ್ಬ ಮುದುಕನ ಕೈಯಲ್ಲಿತ್ತು. ಸಂಕವ್ವ ಓಡಿಹೋಗಿ ಹೇಳಿದಳು. ಮುದುಕ ಕೂತಲ್ಲಿಂದ ಏಳಲಿಲ್ಲ. "ಐವತ್ತು ವರ್ಷದಿಂದ ಈ ಕೆರೆ ಕಾಯ್ದಿದ್ದೇನೆ. ನೀನು ನನಗೆ ಹೇಳಿಕೊಡುತ್ತೀಯೇನೆ?" ಎಂದ.

ಅವಳು ಊರವರ ಬಳಿ ಹೋದಳು. ಊರವರು ಮುದುಕನ ಮೇಲೆ ಹರಿಹಾಯ್ದರು. ಅವನ ಕಣ್ಣು ಮಂಜಾಗಿದೆ, ಮೊಣಕಾಲು ಹೋಗಿದೆ, ಊರು ಹೋಗು ಅನ್ನುತ್ತಿದೆ, ಕಾಡು ಬಾ ಅನ್ನುತ್ತಿದೆ ಎಂದರು. ಒಂದು ತಿಂಗಳು ಪಂಚಾಯಿತಿ ನಡೆಯಿತು. ದನದ ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವಂತೆ ಯಾರಿಗೆ ಎಷ್ಟು ವಯಸ್ಸೆಂದು ನೋಡಿದರು. ಕೊನೆಗೆ ಮುದುಕನನ್ನು ಇಳಿಸಿ, ಆಗತಾನೇ ಮೀಸೆ ಚಿಗುರಿದ ಒಬ್ಬನನ್ನು ಕೂರಿಸಿದರು. ಡೊಳ್ಳು ಬಾರಿಸಿದರು. ಆ ಒಂದು ತಿಂಗಳಲ್ಲಿ ಒಬ್ಬನೂ ಏರಿಯ ಕಡೆ ಸುಳಿಯಲಿಲ್ಲ.

ಸಂಕವ್ವ ಹೊಸ ಯಜಮಾನನ ಬಾಗಿಲಿಗೆ ಹೋದಳು. ಬೆರಳಿನಷ್ಟಿದ್ದ ಒಸರು ಈಗ ತೋಳಿನಷ್ಟಾಗಿತ್ತು. ಅವನು ನಕ್ಕ. "ಅದೆಲ್ಲ ಮುದುಕನ ಕಾಲದ ಮಾತು ಅಕ್ಕಾ. ಈಗ ನಾನಿದ್ದೇನೆ. ಸುಮ್ಮನೆ ಜನರನ್ನು ಹೆದರಿಸಬೇಡ."

ಅವನ ಮನೆಯಿಂದ ಏರಿಗೆ ನೂರು ಹೆಜ್ಜೆ. ಅವನ ಕಾಲು ಗಟ್ಟಿಯಾಗಿಯೇ ಇದ್ದವು. ಅವನೂ ಬರಲಿಲ್ಲ.

ಊರವರಿಗೆ ಹೇಳಿದರೆ ಅವಳ ಮೇಲೇ ಸಿಟ್ಟಾದರು. ನಿನ್ನೆ ಕೂರಿಸಿದವನಲ್ಲಿ ಇಂದೇ ಹುಳುಕು ಹುಡುಕುತ್ತೀಯಾ ಎಂದರು. ಮಗಳಿಗೆ ಆಗ ಜ್ವರ. ಇವಳನ್ನಾದರೂ ನಾಲ್ಕು ದಿನ ಇಟ್ಟುಕೊಳ್ಳಿ ಎಂದು ಸಂಕವ್ವ ಮೇಲಿನ ಕೇರಿಯಲ್ಲಿ ಮನೆಮನೆಯ ಬಾಗಿಲು ತಟ್ಟಿದಳು. ಊರಿಗೆ ಅಪಶಕುನ ನುಡಿಯುವವಳೆಂದು ಯಾರೂ ತೆರೆಯಲಿಲ್ಲ.

ಸಂಕವ್ವನಿಗೆ ಬೇರೆ ದಾರಿ ಕಾಣಲಿಲ್ಲ. ಮಗಳನ್ನು ಮನೆಯಲ್ಲೇ ಮಲಗಿಸಿ, ಕತ್ತೆಯ ಮೇಲೆ ಜೇಡಿಮಣ್ಣು ಹೇರಿಕೊಂಡು ತಾನೇ ಏರಿಗೆ ಹೋದಳು. ಎರಡು ದಿನ ಒಬ್ಬಳೇ ಮಣ್ಣು ತುಳಿದಳು, ಮೆತ್ತಿದಳು. ಮೂರನೆಯ ಮಧ್ಯಾಹ್ನ ಏರಿಯ ಮೇಲೆ ಹೇರು ಇಳಿಸುತ್ತಿದ್ದಾಗ, ಅವಳಿಂದ ಹತ್ತು ಮಾರು ಆಚೆಗೆ ಏರಿ ಕುಸಿಯಿತು. ಕುಂಬಾರರ ಕೇರಿ ಅವಳ ಕಣ್ಣೆದುರೇ ಕೊಚ್ಚಿಹೋಯಿತು. ಹನ್ನೊಂದು ಜನ ಸತ್ತರು. ಅವರಲ್ಲಿ ಅವಳ ಮಗಳೂ ಒಬ್ಬಳು.

ಎಂಟನೆಯ ದಿನ ಊರವರು ಒಡೆದ ಏರಿಯ ಬಳಿ ಸಭೆ ಸೇರಿದರು. "ಹುಡುಗನ ಕೈಗೆ ಕೊಟ್ಟದ್ದೇ ತಪ್ಪಾಯಿತು," ಎಂದ ಒಬ್ಬ. "ಮುದುಕನೂ ಬೇಡ, ಹುಡುಗನೂ ಬೇಡ. ಈ ಸಲ ನಡುವಯಸ್ಸಿನವನನ್ನು ನೋಡೋಣ," ಎಂದ ಇನ್ನೊಬ್ಬ. ಎಲ್ಲರೂ ತಲೆದೂಗಿದರು.

ಸಂಕವ್ವ ಎದ್ದು ನಿಂತಳು.

"ಹಲ್ಲು ಎಣಿಸಿದಿರಲ್ಲ, ಕರೆದರೆ ಬಂದು ನೋಡುವವನೇ ಅಂತ ಒಬ್ಬರಾದರೂ ಕೇಳಿದಿರಾ? ಅವರಿಬ್ಬರೂ ಬರಲಿಲ್ಲ, ಸರಿ. ನಿಮ್ಮ ಕಾಲಿಗೆ ಏನು ಬಂದಿತ್ತು?"

"ಪಾಪ, ಸಂಕಟದಲ್ಲಿ ಏನೋ ಆಡುತ್ತಿದ್ದಾಳೆ," ಎಂದ ಒಬ್ಬ ಹಿರಿಯ. ಸಭೆ ಮುಂದುವರಿಯಿತು. ಸಂಕವ್ವ ಅಂದೇ ಊರು ಬಿಟ್ಟಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ನಾಗಲಿಂಗ ಕೇಳಿದ:

"ಕೊನೆಗೆ ಆರಿಸಿದವನಿಗೆ ವಯಸ್ಸೆಷ್ಟಾಗಿತ್ತು, ಗುರುಗಳೇ?"

ಗುರುಗಳ ಕಣ್ಣು ಕೆಂಪಾದವು.

"ಅದನ್ನು ನಾನು ಕೇಳಲಿಲ್ಲ, ಸಂಕವ್ವನ ಮಗಳಿಗೆ ಆರು ವರ್ಷ."