ಸಾಹೇಬರು ತೋರಿಸಿದ ಹುಲ್ಲು

ನದಿ ಕಡಲು ಸೇರುವ ಅಳಿವೆಯ ತಳದಲ್ಲಿ ಬೆಳೆಯುತ್ತಿದ್ದ ಕಡಲಹುಲ್ಲು ಸತ್ತ ಮೇಲೆ ಏಡಿ, ಮರಿಮೀನು ಎಲ್ಲ ಕಾಣೆಯಾಗಿದ್ದವು. ನಾಗವೇಣಿ ಹರಿಕಂತ್ರ ಮತ್ತು ಅವಳ ಕೇರಿಯ ಮೀನುಗಾರರು ಎರಡು ವರ್ಷ ಮೊಣಕಾಲುದ್ದದ ನೀರಿನಲ್ಲಿ ಬಗ್ಗಿ, ಒಂದೊಂದೇ ಬುಡ ನೆಟ್ಟು ಅದನ್ನು ಮತ್ತೆ ಬೆಳೆಸಿದರು. ಮೀನು ಮರಳಿ ಬಂತು. ಅದರ ಹಿಂದೆಯೇ ಅರಣ್ಯ ಇಲಾಖೆಯ ಹೊಸ ಸಾಹೇಬರೂ ಬಂದರು.

ದೋಣಿಯಲ್ಲಿ ಕೂತೇ ಅವರು ಆದೇಶ ಓದಿದರು. "ನಾಳೆಯಿಂದ ಮೀನುಗಾರರು ಯಾರೂ ಇಲ್ಲಿ ಕಾಲಿಡಕೂಡದು. ಹುಲ್ಲನ್ನು ಈ ನಮ್ಮ ಕಾವಲುಗಾರ ನೋಡಿಕೊಳ್ಳುತ್ತಾನೆ," ಎಂದು ಪಕ್ಕದಲ್ಲಿ ಕೂತವನನ್ನು ತೋರಿಸಿದರು.

ಉಳಿದ ಮೀನುಗಾರರ ಜೊತೆ ನೀರಿನಲ್ಲಿ ನಿಂತಿದ್ದ ನಾಗವೇಣಿ ದೋಣಿಯ ಹತ್ತಿರ ಬಂದಳು. ಅವಳು ದನಿ ಏರಿಸಲಿಲ್ಲ.

"ಆಯ್ತು ಸಾಹೇಬ್ರೆ, ನಾವು ಬರೂದಿಲ್ಲ. ಆದ್ರೆ ಕಾವಲಿನವ ಈ ನೀರಿಗೆ ಹೊಸಬ. ಅವನು ಕಾಯಬೇಕಾದ ಹುಲ್ಲು ಯಾವ್ದು ಅಂತ ನೀವೇ ತೋರಿಸಿಬಿಡಿ."

ಸಾಹೇಬರು ಅಂಗಿಯ ತೋಳು ಮೇಲೇರಿಸಿ, ನೀರಿಗೆ ಕೈಹಾಕಿ, ಹಸಿರಾಗಿ ಕಂಡದ್ದನ್ನು ಹಿಡಿತುಂಬ ಎತ್ತಿದರು. "ನೋಡಯ್ಯ, ಇದೇ. ಇದರ ಒಂದೆಳೆಯೂ ಹಾಳಾಗಬಾರದು."

ಮೀನುಗಾರರು ಯಾರೂ ನಗಲಿಲ್ಲ.

"ಅದು ಪಾಚಿ, ಸಾಹೇಬ್ರೆ," ಎಂದಳು ನಾಗವೇಣಿ. "ಹುಲ್ಲಿನ ಮೇಲೆ ಹಬ್ಬಿ, ಬಿಸಿಲು ತಾಗದ ಹಾಗೆ ಮಾಡಿ ಅದನ್ನು ಕೊಲ್ತದೆ. ನಾವು ದಿನಾ ಬಂದು ಕಿತ್ತು ಹಾಕೂದು ಅದನ್ನೇ."

ಸಾಹೇಬರು ತಮ್ಮ ಕೈಯಲ್ಲಿದ್ದುದನ್ನು ದೋಣಿಯೊಳಗೆ ಹಾಕಿದರು. ಆಮೇಲೆ ಆದೇಶವನ್ನು ಮಡಚಿ ಜೇಬಿಗಿಟ್ಟು, ಚಪ್ಪಲಿ ಕಳಚಿ, ದೋಣಿಯಿಂದ ಕೆಳಗಿಳಿದರು.

"ಹಾಗಾದರೆ ಹುಲ್ಲು ಯಾವುದಮ್ಮ?"

ನಾಗವೇಣಿ ಬಗ್ಗಿ, ಪಾಚಿ ಸರಿಸಿ, ತೆಳ್ಳಗಿನ ಉದ್ದ ಎಲೆಗಳನ್ನು ತೋರಿಸಿದಳು.

"ಕೀಳಬೇಡಿ," ಎಂದಳು. "ಸುಮ್ಮನೆ ಮುಟ್ಟಿ ನೋಡಿ."