ಖಾಜಂಬಿಯ ಕೆಂಪು ಬಿಲ್ಲೆ

ಇದು ಹೊಳೆಗೆ ಸೇತುವೆ ಕಟ್ಟುವುದಕ್ಕೂ ಮೊದಲು ನಡೆದದ್ದು. ಮುದ್ದಾಪುರ ಅಂತ ಒಂದು ಊರು. ಅಲ್ಲಿಂದ ಹೊಳೆ ದಾಟುವ ದೋಣಿಕಟ್ಟೆಗೆ ಹೋಗಬೇಕಾದರೆ ಟಾಂಗಾ ಹತ್ತಬೇಕು. ಟಾಂಗಾದ ಕುದುರೆ ಕುಂಟಿದರೆ ಖಾಜಂಬಿಯ ಹತ್ತಿರ ಹೋಗಬೇಕು.

ಖಾಜಂಬಿ ಲಾಳ ಕಟ್ಟುವವನ ಹೆಂಡತಿ. ಗಂಡ ತೀರಿಹೋದ ಮೇಲೆ ಅವಳೇ ಲಾಳ ಕಟ್ಟಿದಳು. ಅವಳ ಹತ್ತಿರ ಒಂದು ಕೆಂಪು ಗಾಜಿನ ಬಿಲ್ಲೆ ಇತ್ತಂತೆ. ಅದು ಆಕಾಶದಿಂದ ಬಿದ್ದದ್ದು ಅಂತ ಕೆಲವರು ಹೇಳುತ್ತಾರೆ. ಒಡೆದ ಶರಬತ್ತಿನ ಬಾಟಲಿಯ ತಳ ಅಂತ ಅವಳು ಹೇಳುತ್ತಿದ್ದಳಂತೆ. ಇಳಿಹೊತ್ತಿನ ಬಿಸಿಲಿಗೆ ಅದನ್ನು ಹಿಡಿದರೆ ಕುದುರೆಯ ಊದಿದ ಮಂಡಿಯ ಮೇಲೆ ಕಡಲೆಕಾಳಿನಷ್ಟು ಬೆಳಕು ಕೂರುತ್ತಿತ್ತು. ಆ ಬೆಳಕು ಸುಡುತ್ತಿರಲಿಲ್ಲ. ಚರ್ಮ ದಾಟಿ, ಕೀಲಿನೊಳಗೆ ಇಳಿದು, ನೋವನ್ನು ಹುಡುಕುತ್ತಿತ್ತಂತೆ. ಕುದುರೆ ಕೆಳತುಟಿ ಜೋಲುಬಿಟ್ಟು ನಿಂತಲ್ಲೇ ತೂಕಡಿಸುತ್ತಿತ್ತು. ನೋಡುತ್ತಾ ನಿಂತವರಿಗೂ ನಿದ್ದೆ ಬರುತ್ತಿತ್ತು.

ಒಂದು ಸಲ ಯಮನೂರಿ ಅನ್ನುವ ಟಾಂಗಾದವನು ತನ್ನ ಹೆಣ್ಣುಕುದುರೆ ಕೆಂಚಿಯನ್ನು ನಡೆಸಿಕೊಂಡು ಬಂದ. ಅದು ನಾಲ್ಕು ತಿಂಗಳಿಂದ ಕುಂಟುತ್ತಿತ್ತು. ಮುಂದಿನ ಬಲಗಾಲು ಊರುವಾಗ ತಲೆ ಬಗ್ಗಿಸುತ್ತಿತ್ತು. ಹಾಗಾಗಿ ಅವನು ಬಲಗಾಲಿಗೇ ಎಣ್ಣೆ ತಿಕ್ಕಿದ್ದ. ಇನ್ನೂ ವಾಸಿಯಾಗದಿದ್ದರೆ ಸಂತೆಯಲ್ಲಿ ಚರ್ಮದವನಿಗೆ ಕೊಟ್ಟುಬಿಡು ಅಂತ ಮನೆಯವರು ಹೇಳಿದ್ದರು.

ಖಾಜಂಬಿ ಕುದುರೆಯನ್ನು ಕಲ್ಲುಹಾಸಿನ ಮೇಲೆ ನಡೆಸಲು ಹೇಳಿ, ಕಣ್ಣು ಮುಚ್ಚಿಕೊಂಡು ಕೂತಳಂತೆ.

“ಬಲಗಾಲಿನ ಸಪ್ಪಳ ಗಟ್ಟಿ ಐತಿ, ಯಮನೂರಿ. ನೋಯೋ ಕಾಲು ಅಷ್ಟು ಗಟ್ಟಿ ಊರಂಗಿಲ್ಲ. ನಾಕು ತಿಂಗಳು ನೀ ಚಲೋ ಕಾಲಿನ ಸೇವಾ ಮಾಡೀಯಪ್ಪ.”

ಎಡಗಾಲಿಗೆ ಬೆಳಕು ಶುರುವಾಯಿತು. ಒಂಬತ್ತನೆಯ ದಿನ ಕೆಂಚಿ ನೆಟ್ಟಗೆ ನಡೆಯಿತು. ಯಮನೂರಿ ಅವತ್ತೇ ಟಾಂಗಾ ಕಟ್ಟಲು ಹೊರಟ. ಖಾಜಂಬಿ ಲಗಾಮು ಹಿಡಿದುಕೊಂಡಳು. ನೋವು ಹೋಗಿದೆ, ಕೀಲು ಇನ್ನೂ ಗಟ್ಟಿಯಾಗಿಲ್ಲ, ಮೂವತ್ತು ದಿನ ಕಟ್ಟಬೇಡ, ಕಟ್ಟಿದರೆ ಮತ್ತೆ ಏಳುವುದಿಲ್ಲ ಅಂದಳಂತೆ.

“ಅಲ್ಲೀತನಕ ಟಾಂಗಾ ಯಾರು ಎಳೀಬೇಕವ್ವ?”

“ನಿನ್ನ ಕಾಲು ಚಲೋ ಅದಾವಲ್ಲ.”

ಯಮನೂರಿ ತಾನೇ ಕುದುರೆ ಕಟ್ಟುವ ಮೂಕಿಗಳ ನಡುವೆ ನಿಂತನಂತೆ. ಹತ್ತಿದವರು ಇವತ್ತು ಹುಲ್ಲು ತಿಂದೆಯೋ ಇಲ್ಲವೋ ಅಂತ ಕೇಳಿ ನಗುತ್ತಿದ್ದರಂತೆ. ಏರು ಬಂದಾಗ ಮಾತ್ರ ಇಳಿದು ತಳ್ಳುತ್ತಿದ್ದರಂತೆ. ಕೆಂಚಿ ಮನೆಯ ಮುಂದೆ ಬಿಸಿಲಿಗೆ ನಿಂತು, ಗಾಲಿಗಳ ಸದ್ದು ದೂರ ಹೋಗುವುದನ್ನು, ಮತ್ತೆ ಬರುವುದನ್ನು ನಿದ್ದೆಯಲ್ಲೇ ಕೇಳುತ್ತಿತ್ತಂತೆ. ಮೂವತ್ತು ದಿನ ಕಳೆದವು. ಆಮೇಲೆ ಅದು ಹನ್ನೆರಡು ವರ್ಷ ಓಡಿತು ಅಂತ ಹೇಳುತ್ತಾರೆ.

ಪ್ರತಿ ವರ್ಷ ಖಾಜಂಬಿ ತೀರಿಕೊಂಡ ದಿನ ಆ ಊರಲ್ಲಿ ಇವತ್ತಿಗೂ ಯಾರೂ ಕುದುರೆ ಕಟ್ಟುವುದಿಲ್ಲ. ಟಾಂಗಾದವರೇ ಟಾಂಗಾ ಎಳೆದುಕೊಂಡು ಹಳೆಯ ದೋಣಿಕಟ್ಟೆಗೆ ಹೋಗಿ ಬರುತ್ತಾರೆ. ಈಗ ಊರಲ್ಲಿರುವ ಟಾಂಗಾ ಆರು.